ಮಂಡೆ ಬೆಚ್ಚಕ್ಕೆ ಜ್ವರದ ಮಾತ್ರೆ

ಸಂಪಾದಕರಿಗೆ,

ಮಾನ್ಯರೇ,

ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ಮಾರ್ಗಸೂಚಿಗಳನ್ನು ನಾನು ಪೂರ್ತಿಯಾಗಿ ಓದಿದ್ದು ತಡವಾಗಿ, ಹಳೆಯ ವಿದ್ಯಾರ್ಥಿಯೊಬ್ಬ ಅದರ ಪ್ರತಿಯನ್ನು ಮುದ್ರಿಸಿ ತಂದುಕೊಟ್ಟ ಮೇಲೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಮಕ್ಕಳ ಹಾಗೂ ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು ಎಂದು ಅದರಲ್ಲಿದೆ. ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕಡ್ಡಾಯ ಎಂದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಬಡ ಕುಟುಂಬ ಇವುಗಳಿಂದ ಬಂದ ಮಕ್ಕಳೊಂದಿಗೆ, ಅಂಗವಿಕಲರೊಂದಿಗೆ, ಲೈಂಗಿಕ ಅಲ್ಪಸಂಖ್ಯಾತರೊಂದಿಗೆ, ಮನೆಯ ಆಸರೆಯಿಲ್ಲದೆ ಬೆಳೆಯುತ್ತಿರುವವರೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಸಿಬ್ಬಂದಿಗೆ ಕಲಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಇಷ್ಟು ಓದಿ ಸಂತೋಷಪಡುತ್ತಿರುವಾಗ ಇನ್ನೊಂದು ವಾಕ್ಯ ಎದುರಾಯಿತು. ನೂರಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಔಪಚಾರಿಕ ಸಂಪರ್ಕ ಏರ್ಪಡಿಸಿಕೊಳ್ಳಬೇಕು ಎಂಬುದೇ ಆ ವಾಕ್ಯ.

ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಹಗಲಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಪುಸ್ತಕ ಹಿಡಿದು ಬರುವ ಹುಡುಗರಿಗಾಗಿ ನಮ್ಮ ಹಿರಿಯರು ಕಟ್ಟಿದ ಇಂಥ ಶಾಲೆಗಳು ಇಂದು ಬೆರಳೆಣಿಕೆಯಷ್ಟು ಉಳಿದಿವೆ. ನನ್ನ ಕೊನೆಯ ವರ್ಷಗಳಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಅರುವತ್ತು ಹೆಸರು ದಾಟಿದ್ದಿಲ್ಲ. ಆದ್ದರಿಂದ ನ್ಯಾಯಾಲಯದ ನೂರರ ಗೆರೆಯ ಕೆಳಗೆ ಬೀಳುವವರು ನಾವು. ಶಾಲೆಗೇ ಬಾರದೆ ಥಾಣೆ, ನವಿ ಮುಂಬಯಿಯ ನಾಕಾಗಳಲ್ಲಿ, ಅಂದರೆ ರಸ್ತೆ ಕೂಡುವೆಡೆಗಳಲ್ಲಿ, ಬೆಳಿಗ್ಗೆ ಕೂಲಿಗಾಗಿ ನಿಲ್ಲುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಹುಡುಗರಂತೂ ಆ ಗೆರೆಯ ಹತ್ತಿರವೂ ಬರುವುದಿಲ್ಲ. ಇವರಿಗೆ ಚಿಕಿತ್ಸೆ ಕೊಡಬೇಕಾದವರು ಯಾರು, ಅವರಿಗೆ ಏನನ್ನು ಯಾವ ಭಾಷೆಯಲ್ಲಿ ಕಲಿಸಬೇಕು ಎಂಬ ಒಂದೇ ವಿಷಯಕ್ಕಾಗಿ ಈ ಪತ್ರ. ಸ್ವಲ್ಪ ದೀರ್ಘವಾದರೆ ಕ್ಷಮೆಯಿರಲಿ.

ನಿವೃತ್ತಿಗೆ ಎರಡು ವರ್ಷ ಮೊದಲಿನ ಮಾತು. ಎಂಟನೆಯ ತರಗತಿಯ ಹುಡುಗನೊಬ್ಬ ಕೆಲವು ದಿನಗಳಿಂದ ಹಿಂದಿನ ಬೆಂಚಿನಲ್ಲಿ ತಲೆಯಿಟ್ಟು ಮಲಗತೊಡಗಿದ್ದ. ಹದಿನಾರರ ಪ್ರಾಯ, ದಕ್ಷಿಣ ಕನ್ನಡದ ಒಳನಾಡಿನವ, ಫೋರ್ಟಿನ ಹೋಟೆಲೊಂದರಲ್ಲಿ ಮೊದಲು ಕ್ಲೀನರ್ ಆಗಿದ್ದು ಆಮೇಲೆ ಸಪ್ಲಾಯರ್ ಆದವ. ಬೆಳಗಿನ ಐದಕ್ಕೆ ಎದ್ದ ಹುಡುಗರು ರಾತ್ರಿ ಎಂಟಕ್ಕೆ ಬೀಜಗಣಿತ ಕೇಳುತ್ತ ತೂಕಡಿಸುವುದು ನಮ್ಮಲ್ಲಿ ಹೊಸದೇನಲ್ಲ; ನಾನು ಅವರನ್ನು ಎಬ್ಬಿಸುವುದನ್ನೂ ಬಿಟ್ಟಿದ್ದೆ. ಆದರೆ ಇವನು ನಿದ್ದೆ ಮಾಡುತ್ತಿರಲಿಲ್ಲ. ತೋಳಿನ ಮೇಲೆ ಕೆನ್ನೆಯಿಟ್ಟು, ಕಣ್ಣು ಬಿಟ್ಟುಕೊಂಡೇ ಗೋಡೆ ನೋಡುತ್ತಿದ್ದ. ಊಟ ಸರಿಯಾಗಿ ಮಾಡುತ್ತಿಲ್ಲವೆಂದು ಜೊತೆಯವರು ಹೇಳಿದರು. ಕೇಳಿದಾಗ ಸಿಕ್ಕಿದ ಉತ್ತರ ಇಷ್ಟೇ: "ಮಾಸ್ಟ್ರೇ, ಮಂಡೆ ಬೆಚ್ಚ."

ತುಳು ಬಲ್ಲ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಷರಶಃ ತಲೆ ಬಿಸಿಯಾಗಿದೆ ಎಂದಾದರೂ ಚಿಂತೆ, ಗೊಂದಲ, ಯಾವುದೂ ತೋಚದ ಸ್ಥಿತಿ ಎಲ್ಲವೂ ಆ ಎರಡು ಪದಗಳಲ್ಲಿವೆ. ಮರುವಾರ ರಜೆ ಹಾಕಿಸಿ ಅವನನ್ನು ಒಂದು ದೊಡ್ಡ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೇಸ್ ಪೇಪರ್ ಮಾಡಿಸಿ ಎರಡೂವರೆ ಗಂಟೆ ಸಾಲಿನಲ್ಲಿ ಕುಳಿತ ಮೇಲೆ ಒಳಗೆ ಬಿಟ್ಟರು. ನನ್ನನ್ನು ಬಾಗಿಲ ಬಳಿಯೇ ನಿಲ್ಲಿಸಿದರು. ಯುವ ವೈದ್ಯರು ಹಿಂದಿಯಲ್ಲಿ ಏನು ತೊಂದರೆ ಎಂದು ಕೇಳಿದರು. ಹುಡುಗ ತನಗೆ ತಿಳಿದ ಹೋಟೆಲ್ ಹಿಂದಿಯಲ್ಲಿ "ಸರ್ ಗರಮ್ ಹೋತಾ ಹೈ" (ತಲೆ ಬಿಸಿಯಾಗುತ್ತದೆ) ಎಂದ. ಅವರು ಹಣೆ ಮುಟ್ಟಿ ನೋಡಿದರು, ಥರ್ಮಾಮೀಟರ್ ಇಟ್ಟರು, ಜ್ವರವಿಲ್ಲವೆಂದರು, ಆದರೂ ಇರಲಿ ಎಂದು ಐದು ದಿನಕ್ಕೆ ಪ್ಯಾರಾಸಿಟಮಾಲ್ ಬರೆದುಕೊಟ್ಟರು. ನಾಲ್ಕು ನಿಮಿಷವೂ ಆಗಿರಲಿಲ್ಲ.

ಆ ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ಅವರ ಮೇಜಿನ ಮೇಲೆ ಇನ್ನೂ ಎಪ್ಪತ್ತು ಕಾಗದಗಳಿದ್ದವು. ಎಂ.ಬಿ.ಬಿ.ಎಸ್. ಓದುವಾಗ ಮನೋವೈದ್ಯ ವಿಭಾಗದಲ್ಲಿ ಕಳೆಯುವುದು ಕೆಲವೇ ವಾರಗಳು, ಅದೂ ಬಹುಮಟ್ಟಿಗೆ ತೀವ್ರ ಕಾಯಿಲೆಯ ವಯಸ್ಕ ರೋಗಿಗಳ ನಡುವೆ. ಹದಿನಾರರ ಹುಡುಗ ಕುಟುಂಬದಿಂದ ನೂರಾರು ಮೈಲು ದೂರದಲ್ಲಿ, ತನ್ನದಲ್ಲದ ಭಾಷೆಯಲ್ಲಿ, ಮೈಯ ನೋವಾಗಿ ಹೇಳುವ ಮನಸ್ಸಿನ ಸಂಕಟವನ್ನು ಗುರುತಿಸುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಕ್ಕಿಲ್ಲ. ಆದರೆ ಆ ದಿನದ ಕತೆ ಅಲ್ಲಿಗೇ ಮುಗಿಯಲಿಲ್ಲ. ಔಷಧದ ಕಿಟಕಿಯ ಪಕ್ಕದಲ್ಲಿದ್ದ ಹಿರಿಯ ನರ್ಸಮ್ಮ ನಮ್ಮಿಬ್ಬರ ಮಾತು ಕೇಳಿಸಿಕೊಂಡು, ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಇಲ್ಲಡ್ ಏರೇರ್ ಉಲ್ಲೆರ್ ಮಗಾ?" ಎಂದು ಕೇಳಿದರು. ಮನೆಯಲ್ಲಿ ಯಾರು ಯಾರಿದ್ದಾರೆ ಮಗಾ ಎಂಬ ಆ ಒಂದು ಪ್ರಶ್ನೆಗೆ ಹುಡುಗ ಅಲ್ಲೇ, ಜನರ ನಡುವೆಯೇ, ಬಿಕ್ಕಿ ಬಿಕ್ಕಿ ಅತ್ತ. ತಂದೆ ತೀರಿಹೋಗಿದ್ದರು, ಸಮಯಕ್ಕೆ ರಜೆ ಸಿಗದೆ ಬೊಜ್ಜಕ್ಕೂ (ಉತ್ತರಕ್ರಿಯೆಗೂ) ಹೋಗಲಾಗಿರಲಿಲ್ಲ. ಎರಡು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ, ನನಗೂ.

ನರ್ಸಮ್ಮ ಸಮಾಧಾನ ಮಾಡಿದರು. ಊರಿಗೆ ಹೋದಾಗ ನಾಗನಿಗೊಂದು ತಂಬಿಲ (ಪೂಜೆ) ಕೊಡಿಸು, ಎಲ್ಲ ಸರಿಹೋಗುತ್ತದೆ ಎಂದೂ ಹೇಳಿದರು. ತಂಬಿಲ ಬೇಡವೆಂದು ನಾನು ಹೇಳುವುದಿಲ್ಲ. ಅದರಿಂದ ಸಿಗುವ ನೆಮ್ಮದಿಯೂ ನೆಮ್ಮದಿಯೇ. ಆದರೆ ನಿದ್ದೆ ಬರುತ್ತದೆಯೇ, ಬದುಕು ಬೇಡವೆನಿಸುತ್ತದೆಯೇ, ಮುಂದಿನ ವಾರ ಮತ್ತೆ ಯಾರ ಬಳಿ ಬರಬೇಕು ಎಂಬ ಮಾತುಗಳನ್ನು ಅವರೂ ಕೇಳಲಿಲ್ಲ. ಕೇಳಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ. ಆ ಕಟ್ಟಡದಲ್ಲಿ ಮನೋವೈದ್ಯ ವಿಭಾಗವಿತ್ತು, ಕಾಳಜಿಯುಳ್ಳ ವೈದ್ಯರಿದ್ದರು, ಹುಡುಗನ ಮಾತೃಭಾಷೆಯ ದಾದಿಯೂ ಇದ್ದರು. ಆದರೂ ಅವನು ಮನೆಗೆ ತಂದದ್ದು ಜ್ವರದ ಮಾತ್ರೆ.

ಇದನ್ನು ಒಬ್ಬ ಹುಡುಗನ ದುರದೃಷ್ಟವೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17ರ ಹರೆಯದವರಲ್ಲಿ ಮಾನಸಿಕ ಅನಾರೋಗ್ಯದ ಪ್ರಮಾಣ ಶೇ 7.3, ಮಹಾನಗರಗಳಲ್ಲಿ ಅದು ಶೇ 13.5ರಷ್ಟು, ಅಂದರೆ ಹಳ್ಳಿಗಳ ಸುಮಾರು ಎರಡು ಪಟ್ಟು. ಅದೇ ಸಮೀಕ್ಷೆ, ಕಾಯಿಲೆಯ ಬಗೆಯನ್ನು ಅವಲಂಬಿಸಿ, ನೂರಕ್ಕೆ ಎಪ್ಪತ್ತರಿಂದ ತೊಂಬತ್ತೆರಡು ಮಂದಿಗೆ ಚಿಕಿತ್ಸೆಯೇ ಸಿಗುವುದಿಲ್ಲವೆಂದು ಹೇಳಿತು. (ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ನಾವು ಬಿಟ್ಟುಬಂದ ಕರ್ನಾಟಕವೂ ಇರಲಿಲ್ಲ, ನಾವು ಬದುಕುತ್ತಿರುವ ಮಹಾರಾಷ್ಟ್ರವೂ ಇರಲಿಲ್ಲ ಎಂಬುದು ಬೇರೆ ಮಾತು.) ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ದೇಶದ 1,70,924 ಆತ್ಮಹತ್ಯೆಗಳ ಪೈಕಿ 22,746 ಮಹಾರಾಷ್ಟ್ರದವು, ಎಲ್ಲ ರಾಜ್ಯಗಳಿಗಿಂತ ಹೆಚ್ಚು; ಒಟ್ಟು ಸಂಖ್ಯೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರು ದಿನಗೂಲಿಗಳು. ವಿದ್ಯಾರ್ಥಿಗಳು 13,044 ಮಂದಿ. ವಿದ್ಯಾರ್ಥಿಗಳ ಬಗ್ಗೆ ನ್ಯಾಯಾಲಯ ಮಾತನಾಡಿದ್ದು ಸರಿಯೇ. ಆದರೆ ನಮ್ಮ ಹುಡುಗರು ಹಗಲಲ್ಲಿ ಕೂಲಿಗಳು, ರಾತ್ರಿ ಎರಡೂವರೆ ಗಂಟೆ ಮಾತ್ರ ವಿದ್ಯಾರ್ಥಿಗಳು.

ಮನೋವೈದ್ಯರ ಸಂಖ್ಯೆ ಹೆಚ್ಚಾದರೆ ಸಮಸ್ಯೆ ತೀರುತ್ತದೆ ಎಂಬ ವಾದ ಕೇಳಿಬರುತ್ತದೆ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. 2019ರ ಅಂದಾಜು 0.75. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯ 31ನೆಯ ಕಲಮು, ಜನಸಂಖ್ಯೆಗೆ ತಕ್ಕ ಅಂತರರಾಷ್ಟ್ರೀಯ ಪ್ರಮಾಣದಲ್ಲಿ ತಜ್ಞರನ್ನು ಒದಗಿಸಲು ಸರಕಾರಗಳು ಹತ್ತು ವರ್ಷಗಳೊಳಗೆ ಪ್ರಯತ್ನಿಸಬೇಕೆಂದು ಹೇಳುತ್ತದೆ. ಆ ಹತ್ತು ವರ್ಷ 2028ಕ್ಕೆ ಮುಗಿಯುತ್ತದೆ. ಅದೇ ಕಲಮು ಸರಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಪ್ರಾಥಮಿಕ ಮತ್ತು ತುರ್ತು ಮಾನಸಿಕ ಆರೈಕೆಯ ತರಬೇತಿ ಕೊಡಬೇಕೆಂದೂ ಹೇಳುತ್ತದೆ. ನನ್ನ ಆಸಕ್ತಿ ಈ ಎರಡನೆಯದರಲ್ಲಿ, ಏಕೆಂದರೆ ತಜ್ಞರನ್ನು ಸೃಷ್ಟಿಸಲು ದಶಕ ಬೇಕು. ಈಗಾಗಲೇ ಹುಡುಗನ ಎದುರು ಕುಳಿತಿರುವವರಿಗೆ ಕಲಿಸಲು ಅಷ್ಟು ಕಾಲ ಬೇಡ.

ಇದು ಸಾಧ್ಯವೆಂದು ಮೊದಲು ತೋರಿಸಿಕೊಟ್ಟವರಲ್ಲಿ ಕನ್ನಡಿಗರೂ ಇದ್ದಾರೆ ಎಂಬುದನ್ನು ನಾವು ಮರೆತಿದ್ದೇವೆ. ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋವೈದ್ಯದ ಮೊದಲ ಪಾಠಗಳನ್ನು ಕಲಿಸಿತು. 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ಇಡೀ ಜಿಲ್ಲೆಗೆ ವಿಸ್ತರಿಸಿ ನೋಡಿದರು. ಬಳ್ಳಾರಿ ಮಾದರಿಯೆಂದು ಹೆಸರಾದ ಆ ಪ್ರಯೋಗದ ಮೇಲೆಯೇ 1996ರಲ್ಲಿ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ನಮ್ಮ ನೆರೆಯ ಗೋವಾದಲ್ಲಿ ಸಂಗಾತ್ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮನಶ್ಶಾಸ್ತ್ರದ ಪದವಿಯಿಲ್ಲದ ಸ್ಥಳೀಯರನ್ನು ಆರಿಸಿ, ಕೆಲವು ವಾರ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತು. ಅವರ ನೆರವು ಪಡೆದ ರೋಗಿಗಳು ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಿಗಿಂತ ಹೆಚ್ಚು ಚೇತರಿಸಿಕೊಂಡರು ಎಂಬುದು 2010 ಮತ್ತು 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ದಾಖಲಾಗಿದೆ.

ಗೋವಾದ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಚೇತರಿಕೆಯ ಲೆಕ್ಕಕ್ಕಿಂತ ಕಲಿಸಿದ ಕ್ರಮ. ಸಮಾಲೋಚಕರು ರೋಗಿಯೊಡನೆ ಕುಳಿತ ಭೇಟಿಗಳ ಧ್ವನಿಮುದ್ರಣವನ್ನು, ರೋಗಿಯ ಒಪ್ಪಿಗೆ ಪಡೆದು, ಗುಂಪಿನಲ್ಲಿ ಕುಳಿತು ಕೇಳುತ್ತಿದ್ದರು. ಎಲ್ಲಿ ಅವಸರಪಟ್ಟೆವು, ಎಲ್ಲಿ ರೋಗಿ ಹೇಳಲು ಹೊರಟದ್ದನ್ನು ಉಪದೇಶದಿಂದ ಮುಚ್ಚಿಹಾಕಿದೆವು ಎಂದು ಒಬ್ಬರನ್ನೊಬ್ಬರು ತಿದ್ದುತ್ತಿದ್ದರು, ಅಂಕ ಕೊಡುತ್ತಿದ್ದರು. ಇದು ಯಕ್ಷಗಾನದ ಮೇಳದಲ್ಲಿ ಹೊಸ ವೇಷಧಾರಿ ಕಲಿಯುವ ಹಾಗೆ: ರಂಗಕ್ಕೆ ಬಂದ ಮೇಲೂ ಪಾಠ ಮುಗಿದಿರುವುದಿಲ್ಲ, ಬಣ್ಣ ಹಚ್ಚುವ ಚೌಕಿಯಲ್ಲಿ ಹಿರಿಯರ ಮಾತು ಕಾದಿರುತ್ತದೆ.

ಇದಕ್ಕೆ ವಿರುದ್ಧವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ನಮ್ಮಂಥ ಶಿಕ್ಷಕರಿಗೆ ಹದಿಹರೆಯದವರ ಮಾನಸಿಕ ಆರೋಗ್ಯದ ಬಗ್ಗೆ ಒಂದು ದಿನದ ಕಾರ್ಯಾಗಾರ ನಡೆಯಿತು. ಹವಾನಿಯಂತ್ರಿತ ಸಭಾಗೃಹ, ಪರದೆಯ ಮೇಲೆ ಇಂಗ್ಲಿಷಿನ ಅಕ್ಷರಗಳು, ಮಧ್ಯಾಹ್ನ ಒಳ್ಳೆಯ ಊಟ, ಸಂಜೆ ಪ್ರಮಾಣಪತ್ರ. ಊಟದ ನಂತರ ಇಬ್ಬಿಬ್ಬರಾಗಿ ಕುಳಿತು ಒಬ್ಬರು ವಿದ್ಯಾರ್ಥಿಯಂತೆ, ಇನ್ನೊಬ್ಬರು ಸಮಾಲೋಚಕರಂತೆ ನಟಿಸಬೇಕೆಂದರು. ನನ್ನೆದುರಿಗೆ ಕುಳಿತ ಶಿಕ್ಷಕಿ, ಪಾಪ, ಪರದೆಯಲ್ಲಿ ಕಂಡಂತೆಯೇ "ಐ ಆಮ್ ಫೀಲಿಂಗ್ ಲೋ" ಎಂದು ಶುರುಮಾಡಿದರು. ನನ್ನ 31 ವರ್ಷಗಳಲ್ಲಿ ಯಾವ ಹುಡುಗನೂ ಹಾಗೆ ಹೇಳಿದ್ದಿಲ್ಲ. ಆ ಪ್ರಮಾಣಪತ್ರ ಈಗಲೂ ನನ್ನಲ್ಲಿದೆ. ಅದಾದ ಮೇಲೆ ಯಾರೂ ಬಂದು, ನೀವು ಕಲಿತದ್ದನ್ನು ಯಾರ ಮೇಲೆ ಪ್ರಯೋಗಿಸಿದಿರಿ, ಏನಾಯಿತು ಎಂದು ಕೇಳಲಿಲ್ಲ. ವರ್ಷಕ್ಕೆ ಎರಡು ಬಾರಿ ಕಡ್ಡಾಯವೆಂದ ತರಬೇತಿ ಇಂಥ ಎರಡು ಊಟಗಳಾಗಿ ಮುಗಿಯುವ ಅಪಾಯ ನಿಜವಾದದ್ದು.

ಹಾಗಾದರೆ ನಮ್ಮ ಹುಡುಗರು ಏನೆಂದು ಹೇಳುತ್ತಾರೆ? ಕನ್ನಡದಲ್ಲಿ ಮುದ್ರಿಸಿದ ಭಿತ್ತಿಪತ್ರಗಳಲ್ಲಿ "ಖಿನ್ನತೆ" ಎಂದಿರುತ್ತದೆ. ಆ ಪದವನ್ನು ಯಾವ ವಿದ್ಯಾರ್ಥಿಯ ಬಾಯಲ್ಲೂ ನಾನು ಕೇಳಿಲ್ಲ. ಕರಾವಳಿಯವರು "ಉದಾಸೀನ" ಎನ್ನುತ್ತಾರೆ. ನಿಘಂಟು ನೋಡಿದವರಿಗೆ ಅದು ನಿರ್ಲಕ್ಷ್ಯವೆಂದು ಕಾಣುತ್ತದೆ, ಮಾಲಕರಿಗೆ ಸೋಮಾರಿತನವೆಂದು ಕೇಳಿಸುತ್ತದೆ; ಆದರೆ ಎರಡು ವಾರದಿಂದ ಯಾವ ಕೆಲಸಕ್ಕೂ ಮನಸ್ಸೇಳದ ಹುಡುಗ "ಉದಾಸೀನ ಆಗ್ತದೆ" ಎಂದಾಗ ಅವನು ವೈದ್ಯಶಾಸ್ತ್ರ ಹೇಳುವ ಮುಖ್ಯ ಲಕ್ಷಣವೊಂದನ್ನೇ ತನ್ನ ಮಾತಿನಲ್ಲಿ ಹೇಳುತ್ತಿರಬಹುದು. ಉತ್ತರ ಕರ್ನಾಟಕದ ಹುಡುಗ "ಜೀವಕ್ಕ ಬ್ಯಾಸರ ಆಗೇತ್ರಿ ಸರ" ಎಂದರೆ ಅದು ಬರೀ ಬೇಸರವೂ ಆಗಿರಬಹುದು, ಜೀವವೇ ಬೇಡವೆಂಬ ಮಾತೂ ಆಗಿರಬಹುದು. ಯಾವುದು ಎಂದು ತಿಳಿಯಲು ಇರುವ ದಾರಿ ಒಂದೇ, ಮುಂದಿನ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಕೇಳುವುದು: ಬ್ಯಾಸರ ಅಂದ್ರ ಹ್ಯಾಂಗಪಾ, ಸಾಯಬೇಕು ಅನ್ನಿಸತೈತೇನು? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ನಾನೂ ಬಹುಕಾಲ ನಂಬಿದ್ದೆ. ಅದು ತಪ್ಪೆಂದು, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು, ಬಹಳ ಸಲ ಆ ಪ್ರಶ್ನೆ ಎದುರಿಸಿದವನ ಎದೆಭಾರ ಇಳಿಯುತ್ತದೆಂದು ತಜ್ಞರು ಒಮ್ಮತದಿಂದ ಹೇಳುತ್ತಾರೆ. ಈ ಒಂದು ಪ್ರಶ್ನೆಯನ್ನು ನಾಲಿಗೆ ತಡವರಿಸದೆ ಕೇಳಲು ಕಲಿಸಿದರೂ ತರಬೇತಿಯ ಅರ್ಧ ಕೆಲಸವಾದಂತೆ. ಅದನ್ನು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿ ಪ್ರಯೋಜನವಿಲ್ಲ. ತುಳು, ಕುಂದಾಪುರದ ಕನ್ನಡ, ಕಲಬುರಗಿಯ ಕನ್ನಡ, ಲಂಬಾಣಿ ಇವುಗಳಲ್ಲಿ ಜನ ನಿಜವಾಗಿ ಆಡುವ ಮಾತುಗಳ ಒಂದು ಪಟ್ಟಿಯನ್ನು ಕಾಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಂಥ ಕಡೆ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಸಂಗ್ರಹಿಸಬಲ್ಲರು. ಜಾನಪದ ಸಂಗ್ರಹಕ್ಕಿಂತ ಇದು ಕಡಿಮೆ ಗೌರವದ ಕೆಲಸವಲ್ಲ.

ಭಾಷೆಯಷ್ಟೇ ಮುಖ್ಯವಾದದ್ದು ಹುಡುಗರ ಬದುಕಿನ ಕಟ್ಟು. ಹೋಟೆಲಿನ ಹುಡುಗನಿಗೆ ಕೆಲಸ, ಪಗಾರ, ಮಲಗುವ ಖೋಲಿ, ಎರಡು ಹೊತ್ತಿನ ಊಟ ಎಲ್ಲವೂ ಒಬ್ಬರ ಕೈಯಲ್ಲಿರುತ್ತದೆ. "ಧನಿಗಳಿಗೆ ಗೊತ್ತಾದರೆ ಊರಿಗೆ ಕಳಿಸುತ್ತಾರೆ" ಎಂಬ ಹೆದರಿಕೆ ಸುಳ್ಳೇನಲ್ಲ. ಆದ್ದರಿಂದ ಗೋಪ್ಯತೆಯ ಪಾಠ ನಮ್ಮಲ್ಲಿ ಪುಸ್ತಕದ ಪಾಠವಾಗಿ ಉಳಿಯಬಾರದು. ಹುಡುಗನನ್ನು ಆಸ್ಪತ್ರೆಗೆ ಕರೆತಂದ ಮ್ಯಾನೇಜರನಿಗೆ ಎಷ್ಟು ಹೇಳಬೇಕು, ಎಷ್ಟು ಹೇಳಬಾರದು ಎಂಬುದನ್ನು ನಟನೆ ಮಾಡಿಸಿಯೇ ಕಲಿಸಬೇಕು. ಇನ್ನು ಕಾನೂನು. ಹದಿನೆಂಟು ತುಂಬದವರ ವಿಷಯದಲ್ಲಿ ಮಾನಸಿಕ ಆರೋಗ್ಯ ಕಾಯಿದೆ ಪಾಲಕರನ್ನೇ ಪ್ರತಿನಿಧಿಗಳೆಂದು ಗಣಿಸುತ್ತದೆ. ಆ ಪಾಲಕರು ಮಂಗಳೂರಿನಿಂದ ಇನ್ನೂ ಎರಡು ಬಸ್ಸು ಬದಲಾಯಿಸಬೇಕಾದ ಊರಿನಲ್ಲಿರುವಾಗ ಸಹಿಯ ಜಾಗದಲ್ಲಿ ಯಾರು ಬರೆಯಬೇಕು? ಬಹುಮಟ್ಟಿಗೆ ಮಾಲಕರೇ ಬರೆಯುತ್ತಾರೆ, ಯಾರೂ ಆಕ್ಷೇಪಿಸುವುದಿಲ್ಲ. ತಾಯಿಗೆ ಫೋನ್ ಮಾಡಿ ಅವಳ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಕೇಳುವ ಹತ್ತು ನಿಮಿಷದ ಕೆಲಸವನ್ನು ಯಾರಿಗಾದರೂ ವಹಿಸಿಕೊಡಬೇಕು. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅದಕ್ಕಾಗಿ ಅವರನ್ನು ಶಿಕ್ಷಿಸುವಂತಿಲ್ಲ ಎಂದು ಅದೇ ಕಾಯಿದೆಯ 115ನೆಯ ಕಲಮು ಹೇಳುತ್ತದೆ. ಆದರೂ ಪೊಲೀಸ್ ಕೇಸಿನ ಭಯದಿಂದ ವಿಷಯ ಮುಚ್ಚಿಡುವುದನ್ನು ನಾನು ನೋಡಿದ್ದೇನೆ. ಅತ್ತ, ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದಾಗ 2012ರ ಪೋಕ್ಸೊ ಕಾಯಿದೆಯ ಪ್ರಕಾರ ದೂರು ಕೊಡುವುದು ಕಡ್ಡಾಯ. ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು ಆಮೇಲೆ ಹೇಳಬೇಕಾಗಿ ಬರುವ ಸಮಾಲೋಚಕನನ್ನು ಆ ಮಗು ಮತ್ತೆ ನಂಬುವುದಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಮುಂಬಯಿಯ ಕನ್ನಡಿಗರಿಗೆ ಸಂಘಗಳ ಕೊರತೆಯಿಲ್ಲ, ಅವು ಮಾಡಿದ ಉಪಕಾರ ದೊಡ್ಡದು. ನನ್ನ ಶಾಲೆಯ ಪುಸ್ತಕ, ಸಮವಸ್ತ್ರಗಳು ಅವುಗಳಿಂದಲೇ ಬಂದವು. ಆದರೆ ಬಹುಪಾಲು ಸಂಘಗಳು ಜಾತಿಯ ಹೆಸರಿನವು. ಯಾದಗಿರಿಯ ದಲಿತ ಹುಡುಗನೊಬ್ಬನಿಗೆ, ಅಲ್ಲಿ ಒಬ್ಬ ಸಮಾಲೋಚಕರು ಬರುತ್ತಾರೆ, ಹೋಗಿ ಮಾತಾಡು ಎಂದಾಗ ಅವನು ಕಟ್ಟಡದ ಹೆಸರು ಓದಿ ಮೆಟ್ಟಿಲಿನಿಂದಲೇ ತಿರುಗಿ ಬಂದ. "ನಮ್ಮಂಥೋರಿಗೆ ಅಲ್ಲೇನೈತ್ರಿ" ಎಂದು ನನ್ನನ್ನೇ ಕೇಳಿದ. ಒಳಗೆ ಹೋಗಿದ್ದರೂ ಮೊದಲ ಪ್ರಶ್ನೆ ಯಾವ ಊರು, ಎರಡನೆಯದು ಯಾವ ಜನ ಎಂದಿರುತ್ತಿತ್ತು. ಅದನ್ನು ನಾವು ಆತ್ಮೀಯತೆ ಎಂದುಕೊಂಡಿದ್ದೇವೆ. ಆ ಎರಡನೆಯ ಪ್ರಶ್ನೆಯನ್ನು ಬಿಡುವುದನ್ನೂ ತರಬೇತಿಯಲ್ಲಿ ಕಲಿಸಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ನನ್ನ ಅನುಭವ ಕಡಿಮೆ, ನಮ್ಮ ಶಾಲೆಗೆ ಬಂದವರೇ ಕೆಲವರು. ಕಟ್ಟಡ ಕಾಮಗಾರಿಯ ಜಾಗಗಳಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತ ಏಳನೆಯ ತರಗತಿಗೇ ಓದು ಬಿಟ್ಟ ಹುಡುಗಿಯರ ಬಗ್ಗೆ ಬಲ್ಲವರು ಬರೆಯಬೇಕು.

ತರಬೇತಿ ಯಾರಿಗೆ ಎಂಬುದಕ್ಕೆ ನನ್ನ ಉತ್ತರ ಸರಳ. ಹುಡುಗರು ಹೇಗಿದ್ದರೂ ಭೇಟಿಯಾಗುವವರಿಗೆ. ರಾತ್ರಿಶಾಲೆಯ ಶಿಕ್ಷಕರು, ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕಿಯರು, ಆಸ್ಪತ್ರೆಗಳಲ್ಲಿರುವ ನಮ್ಮ ಕಡೆಯ ನರ್ಸುಗಳು, ಕಾಮಗಾರಿಯ ಮುಕಾದಮರು (ಮೇಸ್ತ್ರಿಗಳು), ಮತ್ತು ಪಾಲಿಕೆಯ "ಆಪ್ಲಾ ದವಾಖಾನಾ"ಗಳ ವೈದ್ಯರು. ಈ ಕೊನೆಯವರನ್ನು ಸೇರಿಸಲು ಕಾರಣವಿದೆ. ದೊಡ್ಡ ಆಸ್ಪತ್ರೆಗಳ ಒಪಿಡಿ ನಡೆಯುವುದು ಬೆಳಿಗ್ಗೆ, ಹೋಟೆಲಿನಲ್ಲಿ ಇಡ್ಲಿ, ದೋಸೆಯ ನೂಕುನುಗ್ಗಲಿನ ಹೊತ್ತಿಗೆ. ದವಾಖಾನಾಗಳು ಸಂಜೆಯೂ ತೆರೆದಿರುತ್ತವೆ. ಹದಿಹರೆಯದವರಿಗೆಂದೇ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರಗಳು ಮಹಾರಾಷ್ಟ್ರದಲ್ಲಿ "ಮೈತ್ರಿ" ಎಂಬ ಹೆಸರಿನಲ್ಲಿವೆ. ಹೆಸರು ಚೆನ್ನಾಗಿದೆ, ಆದರೆ ಅದು ನನ್ನ ಒಬ್ಬ ವಿದ್ಯಾರ್ಥಿಗೂ ಗೊತ್ತಿರಲಿಲ್ಲ. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ನನಗೂ ಗೊತ್ತಿರಲಿಲ್ಲ.

ಇವರೆಲ್ಲ ಚಿಕಿತ್ಸಕರಾಗಬೇಕೆಂದು ನಾನು ಹೇಳುತ್ತಿಲ್ಲ. ಗುರುತಿಸುವುದು, ಕೇಳಿಸಿಕೊಳ್ಳುವುದು, ಸಣ್ಣ ಸಮಸ್ಯೆಯನ್ನು ಹುಡುಗನೇ ಬಿಡಿಸಿಕೊಳ್ಳಲು ನೆರವಾಗುವುದು, ದೊಡ್ಡದಾದರೆ ತಜ್ಞರ ಬಳಿಗೆ ಜೊತೆಯಲ್ಲಿ ಹೋಗುವುದು, ಇಷ್ಟು ಸಾಕು. ನ್ಯಾಯಾಲಯ ಹೇಳಿದ ಔಪಚಾರಿಕ ಸಂಪರ್ಕ ಎಂಬುದಕ್ಕೆ ಈ ಕೊನೆಯ ಮಾತೇ ಅರ್ಥವಾಗಬೇಕು. ಸೂಚನಾ ಫಲಕದಲ್ಲಿ ಅಂಟಿಸಿದ ಒಂದು ಹೆಸರು, ಒಂದು ದೂರವಾಣಿ ಸಂಖ್ಯೆ ಸಂಪರ್ಕವಲ್ಲ.

ಊರಿಗೂ ಮುಂಬಯಿಗೂ ನಡುವೆ ಓಡಾಡುವ ಹುಡುಗರ ಇನ್ನೊಂದು ತೊಡಕು ತಜ್ಞರಿಗೂ ಹೊಳೆದಂತಿಲ್ಲ. ಇಲ್ಲಿ ಮಾತ್ರೆ ಶುರುವಾಗುತ್ತದೆ, ಹಬ್ಬಕ್ಕೋ ಬಿತ್ತನೆಗೋ ಊರಿಗೆ ಹೋದವನು ಎರಡು ತಿಂಗಳು ಬರುವುದಿಲ್ಲ, ಮಾತ್ರೆ ಅಲ್ಲಿಗೆ ನಿಲ್ಲುತ್ತದೆ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದ ಅನ್ವಯ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಹುಡುಗನ ಕೈಗೆ ಕೊಡುವ ಚೀಟಿಯಲ್ಲಿ ಔಷಧದ ಹೆಸರಿನ ಜೊತೆಗೆ ಅವನ ತಾಲೂಕಿನ ಹೆಸರು, "ಮಂಗಳವಾರ" ಎಂಬ ಪದ ಕನ್ನಡದಲ್ಲಿ ಬರೆದಿದ್ದರೆ ಸಾಕು. ಇಷ್ಟನ್ನು ಬರೆಯಬೇಕೆಂದು ಮುಂಬಯಿಯ ವೈದ್ಯರಿಗೆ ಯಾರಾದರೂ ಹೇಳಿಕೊಡಬೇಕು.

ಮೇಲ್ವಿಚಾರಣೆ ಯಾರು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ನಿಮ್ಹಾನ್ಸ್ ಹಲವು ವರ್ಷಗಳಿಂದ ದೂರದ ಊರುಗಳ ವೈದ್ಯರಿಗೂ ಕಾರ್ಯಕರ್ತರಿಗೂ ವೀಡಿಯೊ ಮೂಲಕ ಪಾಠ ಹೇಳುತ್ತ, ಅವರು ತಂದ ರೋಗಿಗಳ ಬಗ್ಗೆ ಚರ್ಚಿಸುತ್ತ ಬಂದಿದೆ. ಕನ್ನಡದಲ್ಲಿ ಮಾತನಾಡುವ ತಜ್ಞರು ಅಲ್ಲಿದ್ದಾರೆ. ಸಮಾಜಕಾರ್ಯ ಕಲಿಯುವವರನ್ನು ಕ್ಷೇತ್ರಕಾರ್ಯಕ್ಕೆ ಕಳಿಸುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇಲ್ಲೇ ದೇವನಾರಿನಲ್ಲಿದೆ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಹತ್ತು ಮಂದಿ ಶಿಕ್ಷಕರೂ ನರ್ಸುಗಳೂ ಫೋನಿನ ಮುಂದೆ ಕುಳಿತು, ಹೆಸರು ಹೇಳದೆ, ತಾವು ಕಂಡ ಹುಡುಗರ ಬಗ್ಗೆ ಕೇಳುವಂಥ ಏರ್ಪಾಡಿಗೆ ಹೆಚ್ಚು ಹಣವೂ ಬೇಡ. ಯಾವುದಾದರೂ ಒಂದು ಸಂಘ ಈ ವರ್ಷದ ವಾರ್ಷಿಕೋತ್ಸವದ ಶಾಮಿಯಾನದ ಖರ್ಚನ್ನು ಇದಕ್ಕೆ ಕೊಟ್ಟರೆ ಎರಡು ವರ್ಷ ನಡೆಯಬಹುದೆಂದು ನನ್ನ ಅಂದಾಜು.

ಕೊನೆಗೆ ತಮ್ಮಲ್ಲಿ ಒಂದು ವಿನಂತಿ. ಯುವಕ "ನೇಣಿಗೆ ಶರಣು" ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ಕಾಣುತ್ತದೆ. ಸಾವಿನ ವಿಧಾನವನ್ನು ವಿವರಿಸಬಾರದು, ಇಂಥ ಸುದ್ದಿಯನ್ನು ಎದ್ದುಕಾಣುವಂತೆ ಹಾಕಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ಅಂಗೀಕರಿಸಿದೆ. ತರಬೇತಿ ಬೇಕಾದವರ ಪಟ್ಟಿಯಲ್ಲಿ ವರದಿಗಾರರನ್ನೂ ಸೇರಿಸಿಕೊಳ್ಳಿ. ಅಂಥ ಸುದ್ದಿ ಹಾಕಲೇಬೇಕಾದಾಗ ಅದರ ಕೆಳಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ, ಹಗಲೂ ರಾತ್ರಿಯೂ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು ಎಂದು ಬರೆಯಿರಿ. ನಮ್ಮ ಹುಡುಗರಿಗೆ ಪತ್ರಿಕೆ ಸಿಗುವುದು ಮಧ್ಯಾಹ್ನ, ಗಿರಾಕಿಗಳು ಓದಿ ಬಿಟ್ಟುಹೋದ ಮೇಲೆ; ಆದರೂ ಓದುತ್ತಾರೆ.

ಆ ಹುಡುಗ ಈಗ ಊರಿನಲ್ಲಿದ್ದಾನೆ, ರಿಕ್ಷಾ ಓಡಿಸುತ್ತಾನೆ, ಚೌತಿಗೆ ಫೋನ್ ಮಾಡುತ್ತಾನೆ. ಅವನು ಚೇತರಿಸಿಕೊಂಡದ್ದು ನನ್ನಿಂದಲ್ಲ, ಆಸ್ಪತ್ರೆಯಿಂದಲೂ ಅಲ್ಲ. ಹೋಟೆಲಿನ ಹಿರಿಯ ಅಡುಗೆಯವರೊಬ್ಬರು ತಿಂಗಳುಗಟ್ಟಲೆ ರಾತ್ರಿ ಅವನನ್ನು ಪಕ್ಕದಲ್ಲೇ ಮಲಗಿಸಿಕೊಂಡರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ.

ನಾನು ಸದಸ್ಯನಾಗಿರುವ ಸಂಘದ ವಾಚನಾಲಯದ ಹಿಂದೆ ಒಂದು ಸಣ್ಣ ಕೋಣೆ ಖಾಲಿಯಿದೆ. ಹೋಟೆಲಿನ ಹುಡುಗರಿಗೆ ಬಿಡುವಿರುವ ಮಧ್ಯಾಹ್ನ ಮೂರರಿಂದ ಐದರವರೆಗೆ ಅದನ್ನು ತೆರೆದಿಡಲು ಪದಾಧಿಕಾರಿಗಳು ಒಪ್ಪಿದ್ದಾರೆ. ಹೊರಗೆ ಯಾವ ಫಲಕವನ್ನೂ ಹಾಕಬೇಡಿ ಎಂಬ ನನ್ನ ಮಾತಿಗೂ ಒಪ್ಪಿದ್ದಾರೆ. ಎರಡು ಕುರ್ಚಿ, ಒಂದು ಫ್ಯಾನ್ ಇವೆ. ಕಲಿಸಲು ಬರುವವರಿದ್ದರೆ ಮೊದಲ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ರಾತ್ರಿಶಾಲಾ ಶಿಕ್ಷಕ, ಡೊಂಬಿವಲಿ

(ಹೆಸರು, ವಿಳಾಸಗಳನ್ನು ಪ್ರತ್ಯೇಕವಾಗಿ ಲಗತ್ತಿಸಿದ್ದೇನೆ. ಹುಡುಗರ ಗುರುತು ಹೊರಬೀಳಬಾರದೆಂಬ ಕಾರಣಕ್ಕೆ ಅವುಗಳನ್ನು ಪ್ರಕಟಿಸಬಾರದಾಗಿ ಕೋರಿಕೆ.)